ತೋಟ ಬೆಂಗ್ರೆ ಕೊನೆಗೂ ಗುಡ್ಡೆಯಿಂದ ಇಳಿಯಿತು

ಮೂರು ವಾರ ತಲೆ ತಿಂದ ಬೆಂಗ್ರೆ ನಿನ್ನೆ ರಾತ್ರಿ ಸಮಾ ಕೂತಿತು ಮಾರಾಯ್ರೇ! ಲುವಾಂಟಿ ಅಂದರೆ ಚೌಕದ ತುಂಡು ಜೋಡಿಸಿ ಊರು ಕಟ್ಟುವ ಕಂಪ್ಯೂಟರ್ ಆಟ. ಅದರೊಳಗಿನ ನಮ್ಮ ಮಂಗಳೂರಿನಲ್ಲಿ ಈಗ ದಕ್ಕೆಯಲ್ಲಿ ನಿಂತು ನೋಡಿದರೆ ಹೊಳೆಯಾಚೆಯ ತೆಂಗಿನ ಸಾಲು ನೀರಿನ ಮಟ್ಟಕ್ಕೇ ಕಾಣ್ತದೆ. ಮೊನ್ನೆವರೆಗೆ ಅಲ್ಲಿ ಗುಡ್ಡೆ ಇತ್ತು.

ನಕ್ಷೆ ಇಳಿಸಿದ್ದು, ಮೀಟರಿಗೊಂದು ನೋಡ್ (ಆಟದ ಒಂದು ತುಂಡು) ಲೆಕ್ಕದಲ್ಲಿ ಸುರಿದದ್ದು ನಿಮಗೆಲ್ಲ ಗೊತ್ತಿರುವ ಕೆಲಸ. ಎತ್ತರಕ್ಕೆ ಎಸ್‌ಆರ್‌ಟಿಎಂ, ಅಂದರೆ ಬಾಹ್ಯಾಕಾಶದಿಂದ ಅಳೆದ ನೆಲದ ಎತ್ತರದ ಲೆಕ್ಕ, ಹಾಕಿದ್ದೆ. ಬಾವುಟಗುಡ್ಡೆ, ಹಂಪನಕಟ್ಟೆಯಿಂದ ಬಂದರಿಗೆ ಹೋಗುವ ಇಳಿಜಾರು ಎಲ್ಲ ಚಂದ ಬಂದಿತ್ತು. ಆಗ ನಮ್ಮ ಗುಂಪಿನ ಬೆಂಗ್ರೆಯ ಹುಡುಗ, ಈಗ ದುಬೈಯಲ್ಲಿರುವವ, ಆಟದೊಳಗೆ ಬಂದು ಕೇಳಿದ: "ಅಣ್ಣ, ನಮ್ಮ ಮನೆ ಯಾವಾಗ ಗುಡ್ಡೆ ಹತ್ತಿದ್ದು?" ನೋಡಿದರೆ ಅವನ ಮನೆಯಿರುವಲ್ಲಿ ಎತ್ತರ 11 ಮೀಟರ್. ಒಂದು ಬದಿ ಫಲ್ಗುಣಿ, ಇನ್ನೊಂದು ಬದಿ ಅರಬ್ಬಿ ಸಮುದ್ರ, ನಡುವೆ ಬರೀ ಮರಳಿನ ಪಟ್ಟಿ. 11 ಮೀಟರ್ ಎಲ್ಲಿಂದ ಬಂತು?

ತೆಂಗಿನ ಮರದಿಂದ! 2000ರ ಫೆಬ್ರವರಿಯಲ್ಲಿ ಎಂಡೆವರ್ ನೌಕೆ 11 ದಿನ ಭೂಮಿ ಸುತ್ತಿ ರೇಡಾರಿನಲ್ಲಿ ಅಳೆದ ಎತ್ತರ ಅದು. ತೋಟದ ಮೇಲೆ ಬಿದ್ದ ಅಲೆ ನೆಲ ಮುಟ್ಟುವ ಮೊದಲೇ ಬಹಳಷ್ಟು ಗರಿಗಳಿಗೆ ತಾಗಿ ವಾಪಸ್ ಹೋಗ್ತದೆ. ಬೆಂಗ್ರೆಯಲ್ಲಿ ನೆಲದ ಲೆಕ್ಕಕ್ಕೆ ತೋಟ ಸೇರಿಬಿಟ್ಟಿತ್ತು. ಎಲ್ಲ ಕಡೆ 7 ಮೀಟರ್ ಕಳೆದು ನೋಡಿದೆ. ಮರವೇ ಇಲ್ಲದ ಮೈದಾನ ನೀರಿನಡಿಗೆ ಹೋಯಿತು. ಆ ಲೆಕ್ಕದಲ್ಲಿ 30 ಮೀಟರಿನ ಚೌಕಕ್ಕೆ ಒಂದೇ ಎತ್ತರ; ಒಂದೇ ಚೌಕದಲ್ಲಿ ಅರ್ಧ ತೋಟ, ಅರ್ಧ ಮರಳು ಇರುವಲ್ಲಿ ಕಳೆಯುವುದು ಎಷ್ಟಂತ?

ಭಾನುವಾರ ಫೆರಿ ಹತ್ತಿ ನಿಜವಾದ ಬೆಂಗ್ರೆಗೆ ಹೋಗಿಯೇ ಬಿಟ್ಟೆವು, ಮೇಸ್ತ್ರಿಗಳು ನೀರು ತುಂಬಿಸಿ ಪಾಯಕ್ಕೆ ಮಟ್ಟ ಹಿಡಿಯುವ ಲೆವೆಲ್ ಪೈಪ್ ತಗೊಂಡು. ಅಂಗಡಿಯವರು ಹೊಸದು ಅಂತ ಕೊಟ್ಟ 20 ಮೀಟರಿನ ಪೈಪಿಗೆ ನಡುವಲ್ಲಿ ಮಡಚಿದ ಗೆರೆ. ಅಲ್ಲಿ ಗಾಳಿಗುಳ್ಳೆ ಕೂತು ಎರಡು ತುದಿಯ ನೀರು ತಾಳೆಯೇ ಆಗಲಿಲ್ಲ. ಬೆಳಗ್ಗೆ ಪೂರಾ ಹಾಳು. ಹಣ ತಗೊಂಡ ಮೇಲೆ ಬಿಚ್ಚಿ ತೋರಿಸಬೇಕಲ್ವಾ? ಮಡಚಿದಲ್ಲಿ ಕತ್ತರಿಸಿ, ಉಳಿದ 12 ಮೀಟರಿನಲ್ಲೇ ತುಂಡು ತುಂಡಾಗಿ ಅಳೆದೆವು. ಭರತದ ನೀರು ಫೆರಿ ಕಟ್ಟೆಯಲ್ಲಿ ಬಿಟ್ಟ ಪಾಚಿಯ ಗೆರೆಯೇ ನಮ್ಮ ಸೊನ್ನೆ. ಅಲ್ಲಿಂದ ಹುಡುಗನ ಮನೆಯ ಮೆಟ್ಟಿಲಿಗೆ ಎರಡೂವರೆ ಮೀಟರ್ ಕೂಡ ಇಲ್ಲ!

ಅಳೆಯುತ್ತಾ ನನ್ನ ಕಣ್ಣೆಲ್ಲ ಹಂಚಿನ ಮಾಡುಗಳ ಮೇಲೆ. ಆಟದಲ್ಲಿ ಮೆಟ್ಟಿಲಿನ ನೋಡ್ ಇಟ್ಟರೆ ಮಾಡು 45 ಡಿಗ್ರಿ ಎದ್ದು ನಿಲ್ತದೆ. ಅರ್ಧ ಚಪ್ಪಡಿಯಲ್ಲಿ ಎರಡಕ್ಕೊಂದು ಏರಿಸಿದರೆ 26ರ ಆಸುಪಾಸು, ನಮ್ಮ ಮಾಡಿನ ಓರೆಗೆ ಹತ್ತಿರ. ಬಾಸೆಲ್ ಮಿಶನ್‌ನವರು 1865ರಲ್ಲಿ ನೇತ್ರಾವತಿ ದಡದಲ್ಲಿ ಶುರು ಮಾಡಿದ ಹಂಚಿನ ಕಾರ್ಖಾನೆಯೇ ನನ್ನ ಮುಂದಿನ ಕೆಲಸ, ಚಿಮಿಣಿ ಸಮೇತ.

ಬೆಂಗ್ರೆಗೆ ಮದ್ದು ಸಿಕ್ಕಿದ್ದು ಹೀಗೆ: ತೋಟಗಳಿಗೆ ಮಾತ್ರ ಗಡಿ ಎಳೆದು, ಪ್ರತಿ ಚೌಕಕ್ಕೂ ಸುತ್ತಲಿನ 25 ಚೌಕಗಳಲ್ಲಿ ಅತಿ ತಗ್ಗಿನದ್ದನ್ನೇ ಕೊಟ್ಟು, ನಯ ಮಾಡಿ, ನಾವು ಅಳೆದ ಜಾಗಗಳ ಎತ್ತರಕ್ಕೆ ತಾಳೆ ಮಾಡಿದೆ. ಇದನ್ನು ಬಾವುಟಗುಡ್ಡೆಯ ಹತ್ತಿರ ತರಬೇಡಿ, ಗುಡ್ಡೆಯ ನೆತ್ತಿಯನ್ನೇ ತಿಂದುಬಿಡ್ತದೆ.

ನಿನ್ನೆ ಹುಡುಗ ಆಟದೊಳಗೆ ಫೆರಿ ಕಟ್ಟೆಯಿಂದ ಮನೆವರೆಗೆ ನಡೆದ. ಜಿಗಿದದ್ದು ಎರಡೇ ಸಲ. ಬಾವಿ ಅಡುಗೆಮನೆಯ ಬಲಕ್ಕೆ ಅಂತ ಅಮ್ಮನ ಹತ್ತಿರ ಕೇಳಿ ಹೇಳಿದ್ದಾನೆ. ಇವತ್ತು ರಾತ್ರಿ ಅದನ್ನು ತೋಡುವುದು.