ಬ್ಯಾಟರಿ ಟ್ರ್ಯಾಕರ್: ಬೋಟಿಗೆ ಕೂರಿಸುವುದು, ವರದಿ ನಿಂತಾಗ ಕಾರಣ ಹುಡುಕುವುದು

7 ಜನವರಿ 2025, ಮಂಗಳವಾರ

ಬೋಟಿನ ಕರೆಂಟಿಗೆ ಜೋಡಿಸದೆ ತನ್ನದೇ ಬ್ಯಾಟರಿಯಲ್ಲಿ ಓಡುವ ಟ್ರ್ಯಾಕರ್ (ಬೋಟು ಎಲ್ಲಿದೆ ಎಂದು ಜಿಪಿಎಸ್‌ನಿಂದ ತಿಳಿದು ಉಪಗ್ರಹದ ಮೂಲಕ ದಡಕ್ಕೆ ವರದಿ ಕಳಿಸುವ ಸಾಧನ) ಆದರೆ ಅರ್ಧಕ್ಕಿಂತ ಹೆಚ್ಚು ಕೆಲಸ ಬೋಟು ಹತ್ತುವ ಮೊದಲೇ ಮುಗಿಯಬೇಕು. ಇವತ್ತು ಪೂರ್ತಿ ಮೇಜಿನ ಕೆಲಸ.

ಮೊದಲು ಸೆಲ್. ಇಂಥ ಸಾಧನಗಳಲ್ಲಿ ಹೆಚ್ಚಾಗಿ ಕಾಣುವುದು 3.6 ವೋಲ್ಟಿನ ಲಿಥಿಯಂ ಥಯೋನಿಲ್ ಕ್ಲೋರೈಡ್ ಸೆಲ್. ಡಿ ಗಾತ್ರದ್ದಾದರೆ ಅದರ ಸಾಮರ್ಥ್ಯ ಸುಮಾರು 19 ಆಂಪಿಯರ್-ಅವರ್ (ಎಷ್ಟು ಕರೆಂಟನ್ನು ಎಷ್ಟು ಗಂಟೆ ಕೊಡಬಲ್ಲದು ಎಂಬ ಅಳತೆ) ಎಂದು ಬರೆದಿರುತ್ತದೆ. ಕೆಲವೇ ಮಿಲಿಆಂಪಿಯರ್ ಎಳೆದಾಗ ಮಾತ್ರ ಸಿಗುವ ಅಂಕಿ ಅದು. ಉಪಗ್ರಹಕ್ಕೆ ಸಂದೇಶ ಹೋಗುವ ಹೊತ್ತಿನಲ್ಲಿ ಎಳೆತ ಜೋರು. ಲೆಕ್ಕಕ್ಕೆ 12 ಹಿಡಿದರೆ ಮೋಸವಿಲ್ಲ.

ಈ ಸೆಲ್ಲುಗಳನ್ನು ತಿಂಗಳುಗಟ್ಟಲೆ ಸುಮ್ಮನೆ ಇಟ್ಟರೆ ಒಳಗಿನ ಲಿಥಿಯಂ ಮೇಲೆ ಲಿಥಿಯಂ ಕ್ಲೋರೈಡಿನ ತೆಳುಪದರ ಕಟ್ಟುತ್ತದೆ. ಸೆಲ್ ತಾನಾಗಿ ಖಾಲಿಯಾಗದಂತೆ ಕಾಯುವುದೂ ಅದೇ ಪದರ, ಮೊದಲ ಸಲ ಕರೆಂಟ್ ಎಳೆದಾಗ ವೋಲ್ಟೇಜ್ ಕುಸಿಯುವಂತೆ ಮಾಡುವುದೂ ಅದೇ. ಮಲ್ಟಿಮೀಟರ್ ಹಿಡಿದರೆ 3.6 ಸರಿಯಾಗಿಯೇ ತೋರಿಸುತ್ತದೆ. ಸಾಧನಕ್ಕೆ ಹಾಕಿದ ಕೂಡಲೇ ಎಲ್‌ಇಡಿ ಒಮ್ಮೆ ಮಿನುಗಿ ಆರಿಹೋಗುತ್ತದೆ. ಹೊಸ ಸೆಲ್ ಹಾಕಿದರೂ ಜೀವ ಬರಲಿಲ್ಲ ಎಂಬ ದೂರು ಬಂದಾಗ ಮೊದಲು ಅನುಮಾನಿಸಬೇಕಾದದ್ದು ಇದನ್ನೇ.

ಅದಕ್ಕೇ ಸೆಲ್ಲನ್ನು ಲೋಡ್ ಹಾಕಿ, ಅಂದರೆ ಅದರಿಂದ ಕರೆಂಟ್ ಎಳೆಯುತ್ತಲೇ, ಅಳೆಯಬೇಕು. 100 ಓಮ್, ಅರ್ಧ ವಾಟಿನ ರೆಸಿಸ್ಟರ್ ಸಾಕು. ಸುಮಾರು 36 ಮಿಲಿಆಂಪಿಯರ್ ಎಳೆಯುತ್ತದೆ. ಮುಳ್ಳು ಮೊದಲು 3 ವೋಲ್ಟಿಗಿಂತ ಕೆಳಗಿಳಿದು, ಕೆಲವು ನಿಮಿಷಗಳಲ್ಲಿ ಏರಿ 3.2 ದಾಟಿ ನಿಂತರೆ ಪದರ ಒಡೆಯಿತು, ಸೆಲ್ ಗಟ್ಟಿಯಾಗಿದೆ ಎಂದರ್ಥ. ಏರದೆ ಇಳಿಯುತ್ತಲೇ ಹೋದರೆ ಬದಿಗಿಡಿ. ಡಿಗಿಂತ ಚಿಕ್ಕ ಸೆಲ್ಲಾದರೆ ಎಷ್ಟು ಎಳೆಯಬಹುದೆಂದು ತಯಾರಕರ ಹಾಳೆ ನೋಡಿಯೇ ರೆಸಿಸ್ಟರ್ ಆರಿಸಿ.

ಇನ್ನೊಂದು ಮಾತು ಎಲ್ಲರಿಗೂ ಗೊತ್ತಿರಬೇಕು: ಈ ಸೆಲ್ಲಿನ ವೋಲ್ಟೇಜ್ ಕೊನೆಯವರೆಗೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿದ್ದು ಆಮೇಲೆ ಒಮ್ಮೆಲೇ ಬೀಳುತ್ತದೆ. ವೋಲ್ಟೇಜ್ ನೋಡಿ ಇನ್ನೆಷ್ಟು ಉಳಿದಿದೆ ಎಂದು ಹೇಳಲಾಗದು. ಕಳಿಸಿದ ವರದಿಗಳ ಲೆಕ್ಕವೇ ನಂಬುವಂಥದ್ದು. ಇದನ್ನು ಚಾರ್ಜ್ ಮಾಡಲೇಬಾರದು, ಸೆಲ್ಲಿನ ಮೈಗೆ ನೇರ ಬೆಸುಗೆ ಹಾಕಬಾರದು. ಬೆಸುಗೆ ಬೇಕಿದ್ದರೆ ಟ್ಯಾಗ್ (ಬೆಸುಗೆಗೆಂದೇ ಇರುವ ಲೋಹದ ಪಟ್ಟಿ) ಇರುವ ಸೆಲ್ ತರಿಸಿ. ಹಳೆಯದನ್ನೂ ಹೊಸದನ್ನೂ ಬೆರೆಸದೆ ಎಲ್ಲವನ್ನೂ ಒಟ್ಟಿಗೆ ಬದಲಿಸಬೇಕು.

ಈಗ ಖರ್ಚಿನ ಲೆಕ್ಕ. ಒಂದು ಮಾದರಿ ಕೊಡುತ್ತೇವೆ, ನಿಮ್ಮ ಸಾಧನದ ಅಂಕಿ ಕೈಪಿಡಿಯಿಂದ ತೆಗೆದುಕೊಳ್ಳಿ. ನಿದ್ದೆಯಲ್ಲಿ 50 ಮೈಕ್ರೋಆಂಪಿಯರ್, ಅಂದರೆ ದಿನಕ್ಕೆ 1.2 ಮಿಲಿಆಂಪಿಯರ್-ಅವರ್. ಒಂದೊಂದು ವರದಿಗೆ ಜಿಪಿಎಸ್ 30 ಮಿಲಿಆಂಪಿಯರಿನಂತೆ 40 ಸೆಕೆಂಡ್ ಓಡಿದರೆ 0.33. ಸಂದೇಶಕ್ಕೆ ಸರಾಸರಿ 200 ಮಿಲಿಆಂಪಿಯರಿನಂತೆ 15 ಸೆಕೆಂಡ್ ಹಿಡಿದರೆ 0.83. ಗಂಟೆಗೊಂದು ವರದಿಯಾದರೆ ದಿನಕ್ಕೆ ಸುಮಾರು 29. 12,000 ಮಿಲಿಆಂಪಿಯರ್-ಅವರ್‌ನಲ್ಲಿ 410 ದಿನ. ಹದಿನೈದು ನಿಮಿಷಕ್ಕೊಂದಾದರೆ 105 ದಿನದ ಆಸುಪಾಸು.

ಅದೇ ಸಾಧನವನ್ನು ಆಕಾಶ ಅರ್ಧ ಮುಚ್ಚಿದ ಜಾಗದಲ್ಲಿ ಕೂರಿಸಿದರೆ ಏನಾಗುತ್ತದೆ ನೋಡಿ. ಜಿಪಿಎಸ್ ಸ್ಥಾನ ಹುಡುಕುತ್ತಾ 180 ಸೆಕೆಂಡ್ ಓಡುತ್ತದೆ, ಒಂದು ಸಂದೇಶಕ್ಕೆ ಮೂರು ಸಲ ಪ್ರಯತ್ನಿಸುತ್ತದೆ. ಒಂದು ವರದಿಗೆ 4 ಮಿಲಿಆಂಪಿಯರ್-ಅವರ್. ಗಂಟೆಗೊಂದೇ ಕಳಿಸಿದರೂ ನಾಲ್ಕು ತಿಂಗಳಿಗೆ ಸೆಲ್ ಮುಗಿಯಿತು. ಬ್ಯಾಟರಿ ಬೇಗ ಖಾಲಿ ಎಂಬ ದೂರಿನಲ್ಲಿ ಬ್ಯಾಟರಿಯದೇನೂ ತಪ್ಪಿಲ್ಲದಿರುವುದು ಹೀಗೆ.

ಮೊದಲ ಸಲ ಆನ್ ಮಾಡಿದ ಮೇಲೆ ಕಾಲು ಗಂಟೆ ಬಯಲಲ್ಲಿ ಅಲ್ಲಾಡಿಸದೆ ಇಡಿ. ಒಂದೊಂದು ಜಿಪಿಎಸ್ ಉಪಗ್ರಹ ತನ್ನ ಕಕ್ಷೆಯ ವಿವರ ಕಳಿಸಲು 30 ಸೆಕೆಂಡ್ ತೆಗೆದುಕೊಳ್ಳುತ್ತದೆ. ಎಲ್ಲ ಉಪಗ್ರಹಗಳ ಪಟ್ಟಿ ಪೂರ್ತಿ ಬರಲು 12.5 ನಿಮಿಷ ಬೇಕು. ಆಮೇಲೆ ಒಂದು ರಾತ್ರಿ ಹೊರಗೇ ಬಿಟ್ಟು, ಬೆಳಿಗ್ಗೆ ವರದಿಗಳ ಕ್ರಮಸಂಖ್ಯೆ ತಪ್ಪಿಲ್ಲದೆ ಬಂದಿದೆಯೇ ನೋಡಿ.

8 ಜನವರಿ 2025, ಬುಧವಾರ

ಜಾಗ ಆರಿಸುವುದು. ವೀಲ್‌ಹೌಸಿನ (ಚುಕ್ಕಾಣಿ ಕೋಣೆಯ) ಮಾಡಿನ ಮೇಲೆ, ಸುತ್ತ ಆಕಾಶ ತೆರೆದಿರುವ ಕಡೆ, ಮುಖ ಮೇಲಕ್ಕಿರುವಂತೆ ಮಟ್ಟಸವಾಗಿ. ಫೈಬರ್ ಮಾಡಿನ ಒಳಗಿಂದಲೂ ಸಿಗ್ನಲ್ ಹೋಗಬಹುದು, ಕಬ್ಬಿಣ, ಅಲ್ಯೂಮಿನಿಯಂ, ಕಾರ್ಬನ್ ಫೈಬರಿನಲ್ಲಿ ಹೋಗದು. ರಾಡಾರ್ ತಿರುಗುವ ಮಟ್ಟದಲ್ಲೇ ಎದುರಿಗೆ ಬೇಡ. ಅದರ ಕಿರಣ ಮೇಲೆ ಕೆಳಗೆ ಸೇರಿ 20–25 ಡಿಗ್ರಿ ಹರಡಿರುತ್ತದೆ. 25 ವಾಟಿನ ವಿಎಚ್‌ಎಫ್ ರೇಡಿಯೊ ಆಂಟೆನಾದಿಂದ ಕನಿಷ್ಠ ಒಂದು ಮೀಟರ್ ದೂರ. ಬಲೆ, ಟಾರ್ಪಾಲು, ಒದ್ದೆ ಹಗ್ಗ ಬಂದು ಬೀಳುವ ಮೂಲೆಯನ್ನು ಬಿಟ್ಟುಬಿಡಿ.

ದಿಕ್ಸೂಚಿಯ ಹತ್ತಿರ ಇಡುವ ಮೊದಲು ಯೋಚಿಸಿ. ಸೆಲ್ಲಿನ ಹೊರಕವಚ ಉಕ್ಕಿನದು. ಕೆಲವು ಸಾಧನಗಳನ್ನು ಆನ್ ಆಫ್ ಮಾಡುವುದೂ ಆಯಸ್ಕಾಂತದಿಂದಲೇ. ಕೂರಿಸುವ ಮೊದಲೂ ಆಮೇಲೂ ದಿಕ್ಸೂಚಿ ಓದಿ ಬರೆದಿಟ್ಟುಕೊಳ್ಳಿ. ಒಂದು ಡಿಗ್ರಿ ಸರಿದರೂ ಜಾಗ ಬದಲಿಸಿ.

ಬೋಲ್ಟಿನಲ್ಲಿ ಕೂರಿಸುವುದೇ ಉತ್ತಮ: 316 ದರ್ಜೆಯ ಸ್ಟೇನ್‌ಲೆಸ್ ಎಂ6 ಬೋಲ್ಟು, ಕೆಳಗೆ ಅಗಲ ವಾಷರ್, ಅಲುಗಾಟಕ್ಕೆ ಸಡಿಲವಾಗದ ನೈಲಾಕ್ ನಟ್, ತೂತಿನ ಸುತ್ತ ಪಾಲಿಯುರೆಥೇನ್ ಸೀಲೆಂಟ್. ವಿನೆಗರ್ ವಾಸನೆಯ ಸಿಲಿಕೋನ್ ಬೇಡವೇ ಬೇಡ, ಗಟ್ಟಿಯಾಗುವಾಗ ಬಿಡುವ ಅಸಿಟಿಕ್ ಆಮ್ಲ ಲೋಹವನ್ನು ತಿನ್ನುತ್ತದೆ. ಅಲ್ಯೂಮಿನಿಯಂ ಕಂಬಿಗೆ ಸ್ಟೇನ್‌ಲೆಸ್ ಕ್ಲಾಂಪ್ ಹಾಕುವುದಾದರೆ ನಡುವೆ ರಬ್ಬರ್ ಪಟ್ಟಿ ಇರಲಿ. ಇಲ್ಲದಿದ್ದರೆ ಉಪ್ಪುನೀರಿನಲ್ಲಿ ಅಲ್ಯೂಮಿನಿಯಂ ಸವೆದು ಬಿಳಿ ಪುಡಿ ಕಾಣಿಸಿಕೊಳ್ಳುತ್ತದೆ. ಅಂಟುಪಟ್ಟಿಯೇ ಗತಿ ಎಂದಾದರೆ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಒಣಗಿಸಿ, ಒತ್ತಿ ಹಿಡಿದು, 72 ಗಂಟೆ ನೀರಿಗಿಳಿಸದೆ ಬಿಡಿ. ಅಕ್ರಿಲಿಕ್ ಫೋಮ್ ಟೇಪಿಗೆ ಪೂರ್ಣ ಬಲ ಬರಲು ಅಷ್ಟು ಹೊತ್ತು ಬೇಕು.

ನೀರು ಒಳನುಗ್ಗದಂತೆ ತಡೆಯುವ ಮುಚ್ಚಳದ ರಬ್ಬರ್ ಬಳೆ, ಅಂದರೆ ಓ-ರಿಂಗಿನ ವಿಷಯದಲ್ಲಿ ಅವಸರ ಸಲ್ಲದು. ಬೆಳಕಿಗೆ ಹಿಡಿದು ಸುತ್ತಲೂ ಬೆರಳಾಡಿಸಿ: ಒಂದು ಕೂದಲು, ಒಂದು ಉಪ್ಪಿನ ಹರಳು, ಬಲೆಯ ಒಂದು ಎಳೆ ಸಿಕ್ಕಿಕೊಂಡಿದ್ದರೂ ನೀರಿಗೆ ಅದೇ ದಾರಿ. ನೈಟ್ರೈಲ್ ರಬ್ಬರಿನ ರಿಂಗಿಗೆ ಸಿಲಿಕೋನ್ ಗ್ರೀಸ್ ಹೊಳಪು ಕಾಣುವಷ್ಟು ಮಾತ್ರ ಸವರಿ. ಸಿಲಿಕೋನ್ ರಿಂಗಿಗೆ ಸಿಲಿಕೋನ್ ಗ್ರೀಸ್ ಹಚ್ಚಿದರೆ ಅದು ಉಬ್ಬುತ್ತದೆ. ಸ್ಕ್ರೂಗಳನ್ನು ಎದುರುಬದುರಾಗಿ, ಎರಡು ಮೂರು ಸುತ್ತಿನಲ್ಲಿ ಬಿಗಿಯಿರಿ. ಒಳಗೊಂದು ಸಿಲಿಕಾ ಜೆಲ್ ಪೊಟ್ಟಣ ಇರಲಿ.

ಕವಚದ ಮೇಲೆ ಗುಂಡಗಿನ ಗಾಳಿತೂತು ಇದ್ದರೆ ಅದರ ಮೇಲೆ ಪೇಂಟ್, ಸೀಲೆಂಟ್ ಬೀಳದಿರಲಿ. ಬಿಸಿಲಿಗೆ ಕಾದ ಕವಚಕ್ಕೆ ಅಲೆ ಬಡಿದಾಗ ಒಳಗಿನ ಗಾಳಿ ಕುಗ್ಗಿ ಹೊರಗಿನದನ್ನು ಎಳೆಯುತ್ತದೆ. ಆ ತೂತು ಮುಚ್ಚಿದ್ದರೆ ರಿಂಗಿನ ಸಂದಿನಿಂದ ನೀರನ್ನೇ ಎಳೆದುಕೊಳ್ಳುತ್ತದೆ. ಕವಚದ ಮೇಲೆ ಬರೆದಿರುವ ನೀರುತಡೆ ದರ್ಜೆ ಐಪಿ67 ಎಂದರೆ ಒಂದು ಮೀಟರ್ ನೀರಲ್ಲಿ ಅರ್ಧ ಗಂಟೆಯ ಪರೀಕ್ಷೆ, ಅಷ್ಟೇ. ದಿನವೂ ಬಡಿಯುವ ಅಲೆಗೂ ಪ್ರೆಷರ್ ವಾಷರಿಗೂ ಅದು ಭರವಸೆ ಕೊಡುವುದಿಲ್ಲ.

ಬೋಟಿನವರಿಗೆ ಇದನ್ನು ಬಾಯಿಬಿಟ್ಟು ಹೇಳಲೇಬೇಕು: ಟ್ರ್ಯಾಕರ್ ಇದೆ ಎಂದು ಅಪಾಯದಲ್ಲಿ ರಕ್ಷಣೆಗೆ ಕರೆ ಕಳಿಸುವ 406 ಮೆಗಾಹರ್ಟ್ಸಿನ ಆಪತ್ತು ಬೀಕನ್ನನ್ನು ದಡದಲ್ಲಿ ಬಿಟ್ಟು ಹೋಗಬೇಡಿ. ಅದರ ಕೆಲಸವನ್ನು ಇದು ಮಾಡದು.

11 ಜನವರಿ 2025, ಶನಿವಾರ

ವರದಿ ನಿಂತಿತೆಂದು ಕರೆ ಬಂದರೆ ಸ್ಕ್ರೂಡ್ರೈವರ್ ಎತ್ತಿಕೊಳ್ಳುವ ಮೊದಲು ಹಿಂದಿನ ಹತ್ತು ದಿನದ ವರದಿಗಳನ್ನು ತೆರೆದು ಕೂರಿ. ತಪ್ಪಿದ ವರದಿಗಳು ಯಾವ ಹೊತ್ತಿನಲ್ಲಿ, ಯಾವ ಜಾಗದಲ್ಲಿ ತಪ್ಪಿವೆ ಎಂಬುದರಲ್ಲೇ ಬಹುಪಾಲು ಉತ್ತರ ಇರುತ್ತದೆ. ಸುಮ್ಮನೆ ಮುಚ್ಚಳ ತೆಗೆದರೆ ಚೆನ್ನಾಗಿದ್ದ ಸೀಲನ್ನೂ ಕೆಡಿಸಿದಂತೆ.

ಶುರುವಿನಿಂದಲೇ ಏನೂ ಬಂದಿಲ್ಲವೇ? ಸೇವೆ ಚಾಲೂ ಆಗಿದೆಯೇ, ಸಾಧನದ ಗುರುತಿನ ಸಂಖ್ಯೆಯಾದ 15 ಅಂಕಿಯ ಐಎಂಇಐ ಅದೇ ಬೋಟಿನ ಹೆಸರಿಗಿದೆಯೇ, ಸೆಲ್ಲಿನ ಪ್ಲಾಸ್ಟಿಕ್ ಪಟ್ಟಿ ಎಳೆದಿದ್ದಾರೆಯೇ, ಆಫ್ ಮಾಡುವ ಆಯಸ್ಕಾಂತ ಅಲ್ಲೇ ಅಂಟಿಕೊಂಡಿದೆಯೇ ನೋಡಿ.

ಸಂದೇಶ ಬರುತ್ತಿದೆ, ಸ್ಥಾನ ಮಾತ್ರ ಹಳೆಯದು ಎಂದರೆ ಜಿಪಿಎಸ್‌ಗೆ ಆಕಾಶ ಕಾಣುತ್ತಿಲ್ಲ. ಎತ್ತರವೂ ಸೇರಿ ಸ್ಥಾನ ಸಿಗಲು ನಾಲ್ಕು ಉಪಗ್ರಹ ಬೇಕು. ಟ್ರ್ಯಾಕರ್ ಮೇಲೆ ಯಾರಾದರೂ ಟಾರ್ಪಾಲು ಕಟ್ಟಿದ್ದಾರೆಯೇ, ಲೋಹದ ಪುಡಿ ಇರುವ ಪೇಂಟ್ ಬಳಿದಿದ್ದಾರೆಯೇ ಕೇಳಿ.

ಬೋಟು ಒಂದೇ ದಿಕ್ಕಿಗೆ ಹೋಗುವಾಗ ಮಾತ್ರ ವರದಿ ತಪ್ಪುತ್ತಿದ್ದರೆ, ಅದೂ ಭೂಸ್ಥಿರ ಉಪಗ್ರಹ ಬಳಸುವ ಸಾಧನವಾದರೆ, ಕೂವೆಕಂಬದ ಅಥವಾ ಚಿಮಣಿಯ ನೆರಳು ಬೀಳುತ್ತಿದೆ. ಆ ಉಪಗ್ರಹ ಆಕಾಶದ ಒಂದೇ ಬಿಂದುವಿನಲ್ಲಿ ನಿಂತಿರುತ್ತದೆ, ಬೋಟು ತಿರುಗಿದಾಗ ಅಡ್ಡಿ ನಡುವೆ ಬರುತ್ತದೆ. ಇರಿಡಿಯಂನಂಥ ಕೆಳಕಕ್ಷೆಯ ಜಾಲದಲ್ಲಿ ಉಪಗ್ರಹಗಳು 780 ಕಿಲೋಮೀಟರ್ ಎತ್ತರದಲ್ಲಿ ಓಡುತ್ತಲೇ ಇರುವುದರಿಂದ ಇಂಥ ಅಂತರಗಳು ಚಿಕ್ಕವು, ದಿಕ್ಕಿಗೆ ಅಂಟಿಕೊಂಡಿರುವುದಿಲ್ಲ.

ಕ್ರಮಸಂಖ್ಯೆ ಮತ್ತೆ ಸೊನ್ನೆಯಿಂದ ಶುರುವಾಗುತ್ತಿದ್ದರೆ ಸಾಧನ ರೀಬೂಟ್ ಆಗುತ್ತಿದೆ. ಸೆಲ್ಲಿನ ಸ್ಪ್ರಿಂಗ್ ಹಸಿರುಗಟ್ಟಿ ಅರ್ಧ ಓಮ್ ಅಡ್ಡಿ ಸೇರಿದೆ ಎನ್ನಿ: ಒಂದು ಆಂಪಿಯರ್ ಎಳೆದಾಗ ಅರ್ಧ ವೋಲ್ಟ್ ಅಲ್ಲೇ ನಷ್ಟ, ಸಂದೇಶ ಹೊರಡುವ ಹೊತ್ತಿಗೆ ಸಾಧನ ಮಲಗುತ್ತದೆ. ಈ ಒಂದು ಸಂದರ್ಭದಲ್ಲಿ ಮುಚ್ಚಳ ತೆಗೆಯಲೇಬೇಕು.

ಸೋಲಾರ್ ಇರುವ ಮಾದರಿಯಲ್ಲಿ ನಸುಕಿನ ವರದಿಗಳಷ್ಟೇ ತಪ್ಪುತ್ತಿದ್ದರೆ ಹಗಲಿನ ಚಾರ್ಜ್ ರಾತ್ರಿಗೆ ಸಾಲುತ್ತಿಲ್ಲ. ಫಲಕದ ಮೇಲಿನ ಉಪ್ಪನ್ನೂ ಹಕ್ಕಿ ಹಿಕ್ಕೆಯನ್ನೂ ಸಿಹಿನೀರಿನಲ್ಲಿ ತೊಳೆದು ಎರಡು ದಿನ ಕಾಯಿರಿ. ಬೋಟು ಕಟ್ಟಿಹಾಕಿದ್ದರೂ ವರದಿ ಓಡುತ್ತಲೇ ಇದ್ದರೆ ಚಲನೆಯ ಸೆನ್ಸರ್ ಅಲೆಯ ತೊನೆದಾಟವನ್ನೇ ಪ್ರಯಾಣವೆಂದು ಎಣಿಸುತ್ತಿದೆ. ಎಷ್ಟು ಅಲುಗಿದರೆ ಪ್ರಯಾಣವೆಂದು ಎಣಿಸಬೇಕು ಎಂಬ ಮಿತಿಯನ್ನು ಒಂದೊಂದೇ ಹಂತ ಏರಿಸಿ. ಒಮ್ಮೆಲೇ ಏರಿಸಿದರೆ ಬೋಟು ಹೊರಟರೂ ಅದು ಏಳುವುದಿಲ್ಲ.

ಕೆಲವು ದೂರುಗಳಲ್ಲಿ ಸಾಧನದ ದೋಷವೇ ಇರುವುದಿಲ್ಲ. ವರದಿಯ ಸಮಯ ಯುಟಿಸಿಯಲ್ಲಿದ್ದರೆ (ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಎಲ್ಲವೂ ಗಂಟೆಗಟ್ಟಲೆ ತಡವಾಗಿ ಬಂದಂತೆ ಕಾಣಬಹುದು. 10 ಡಿಗ್ರಿ 30 ನಿಮಿಷ ಅಕ್ಷಾಂಶವನ್ನು 10.30 ಎಂದು ನಕ್ಷೆಗೆ ತುಂಬಿದರೆ ಬೋಟು 12 ನಾಟಿಕಲ್ ಮೈಲು ಸರಿದುಹೋಗುತ್ತದೆ, ಸರಿಯಾದದ್ದು 10.50. ತಾರೀಖು ಹತ್ತೊಂಬತ್ತೂವರೆ ವರ್ಷಕ್ಕಿಂತ ತುಸು ಹಿಂದಿನದು ಬರುತ್ತಿದ್ದರೆ ಅದು ಜಿಪಿಎಸ್ ತಾರೀಖು ಎಣಿಸಲು ಬಳಸುವ ವಾರಸಂಖ್ಯೆ 1024 ವಾರಕ್ಕೊಮ್ಮೆ ಸೊನ್ನೆಗೆ ಮರಳುವುದರ ಫಲ. ಕಳೆದ ಸಲ ಹಾಗಾದದ್ದು ಏಪ್ರಿಲ್ 2019ರಲ್ಲಿ. ಫರ್ಮ್‌ವೇರ್ (ಸಾಧನದೊಳಗಿನ ತಂತ್ರಾಂಶ) ಹೊಸದು ಹಾಕಿದರೆ ಸರಿಹೋಗುತ್ತದೆ.

ಸೆಲ್ ಬದಲಿಸಿದಾಗ ತಾರೀಖನ್ನೂ ಆಗಿನ ಕ್ರಮಸಂಖ್ಯೆಯನ್ನೂ ಮುಚ್ಚಳದ ಒಳಬದಿಗೆ ಬರೆದು ಅಂಟಿಸಿ. ತೆಗೆದ ಸೆಲ್ಲುಗಳ ಎರಡೂ ತುದಿಗೆ ಟೇಪ್ ಸುತ್ತಿ, ಒಣ ಡಬ್ಬಿಯಲ್ಲಿ ಒಂದಕ್ಕೊಂದು ತಾಗದಂತೆ ಇಟ್ಟು, ಬ್ಯಾಟರಿ ಸಂಗ್ರಹಿಸುವವರಿಗೇ ಕೊಡಿ. ಅವನ್ನು ಒಡೆಯುವುದೂ ಬೆಂಕಿಗೆ ಹಾಕುವುದೂ ಜೀವಕ್ಕೆ ಅಪಾಯ.