ಬ್ಯಾಶ್‌ನಲ್ಲಿ ಲಿಸ್ಟ್ ಒಳಗೊಂದು ಲಿಸ್ಟ್: ಸದ್ಯ ಎಲ್ಲಿಗೆ ಬಂತು

ಬ್ಯಾಶ್ ಅಂದರೆ ಲಿನಕ್ಸ್‌ನಲ್ಲಿ ಕಮಾಂಡ್ ಓಡಿಸುವ ಒಂದು ಶೆಲ್. ಅದರ ಅರೇ (ಲಿಸ್ಟ್) ಒಳಗೆ ಇನ್ನೊಂದು ಅರೇ ಕೂರುವುದಿಲ್ಲ. ಒಳಗೆ ಹೋಗುವುದು ಬರೀ ಸ್ಟ್ರಿಂಗ್, ಅಂದರೆ ಅಕ್ಷರಗಳ ಸಾಲು. ಕೆಎಸ್‌ಎಚ್93 ಎಂಬ ಇನ್ನೊಂದು ಶೆಲ್‌ನಲ್ಲಿ ಇದಕ್ಕೆ ದಾರಿ ಇದೆ, ಆದರೆ ನನ್ನ ಸ್ಕ್ರಿಪ್ಟ್‌ಗಳೆಲ್ಲ ಬ್ಯಾಶ್‌ನಲ್ಲೇ ಇವೆ.

ಬ್ಯಾಶ್ 4.3ರಲ್ಲಿ ಬಂದ ನೇಮ್‌ರೆಫ್ (ಇನ್ನೊಂದು ವೇರಿಯಬಲ್ಲನ್ನು ಹೆಸರಿನ ಮೂಲಕ ತೋರಿಸುವ ವೇರಿಯಬಲ್) ನೋಡಿದೆ. ಒಳಗಿನ ಅರೇಯ ಹೆಸರನ್ನು ಹೊರಗಿನದರಲ್ಲಿ ಇಟ್ಟರಾಯ್ತು. ಓದಲು ಚೆನ್ನಾಗಿದೆ. ಆದರೆ ಒಂದೊಂದು ಒಳ ಲಿಸ್ಟಿಗೂ ಹೊಸ ಗ್ಲೋಬಲ್ ಹೆಸರು ಹುಟ್ಟಿಸಬೇಕು. ಆಮೇಲೆ ಅವನ್ನೆಲ್ಲ ಅನ್‌ಸೆಟ್ ಮಾಡೋರು (ಅಳಿಸೋರು) ಯಾರು?

ಪ್ರಿಂಟ್‌ಎಫ್ ಕಮಾಂಡಿನ %ಕ್ಯೂ ಇನ್ನೊಂದು ದಾರಿ. ಅದು ವಿಶೇಷ ಅಕ್ಷರಗಳ ಮುಂದೆ ಬ್ಯಾಕ್‌ಸ್ಲ್ಯಾಶ್ ಹಾಕುತ್ತದೆ. ಲಿಸ್ಟ್ ಒಳಗೆ ಲಿಸ್ಟ್ ಆದಂತೆ ಒಂದೊಂದು ಹಂತಕ್ಕೂ ಮತ್ತೆ ಹಾಕಬೇಕು. ಒಂದು ಸ್ಪೇಸ್‌ಗೆ ಮೊದಲ ಹಂತದಲ್ಲಿ 1 ಬ್ಯಾಕ್‌ಸ್ಲ್ಯಾಶ್, ಎರಡನೆಯದರಲ್ಲಿ 3, ಮೂರನೆಯದರಲ್ಲಿ 7. ಹತ್ತನೇ ಹಂತಕ್ಕೆ 1023! ಜೊತೆಗೆ ಬಿಚ್ಚಲು ಇವ್ಯಾಲ್ (ಸ್ಟ್ರಿಂಗನ್ನೇ ಕಮಾಂಡ್ ಆಗಿ ಓಡಿಸುವುದು) ಬೇಕು. ಹೊರಗಿಂದ ಬಂದ ಡೇಟಾ ಮೇಲೆ ಇವ್ಯಾಲ್ ಓಡಿಸುವ ಧೈರ್ಯ ನನಗಂತೂ ಇಲ್ಲ.

ಕೊನೆಗೆ ಹಿಡಿದದ್ದು ಟಿನೆಟ್‌ಸ್ಟ್ರಿಂಗ್ ಎಂಬ ಡೇಟಾ ಬರೆಯುವ ಶೈಲಿ. ಮೊದಲು ಬೈಟ್‌ಗಳಲ್ಲಿ ಉದ್ದ, ಕೋಲನ್, ವಿಷಯ, ಕೊನೆಗೆ ಅದು ಏನೆಂದು ಹೇಳುವ ಒಂದು ಚಿಹ್ನೆ. ಸ್ಟ್ರಿಂಗ್ ಆದರೆ ಕಾಮಾ, ಲಿಸ್ಟ್ ಆದರೆ ಮುಚ್ಚುವ ಚೌಕ ಬ್ರಾಕೆಟ್. ‘ಇ’ ಮತ್ತು ‘ಅ, ಆ’ ಇರುವ ಒಳ ಲಿಸ್ಟ್ ಸೇರಿದರೆ ಹೀಗಾಗುತ್ತದೆ:

22:3:ಇ,12:3:ಅ,3:ಆ,]]

ಎಸ್ಕೇಪ್ ಮಾಡುವ (ಬ್ಯಾಕ್‌ಸ್ಲ್ಯಾಶ್ ಹಾಕುವ) ಕೆಲಸವೇ ಇಲ್ಲ. ವಿಷಯದಲ್ಲಿ ಕಾಮಾ, ಕೋಟ್, ಹೊಸ ಸಾಲು ಏನೇ ಇರಲಿ, ಉದ್ದ ನೋಡಿ ಹಾರಿಕೊಂಡು ಹೋಗಬಹುದು. ಖಾಲಿ ಸ್ಟ್ರಿಂಗ್ ‘0:,’ ಆದರೆ ಖಾಲಿ ಲಿಸ್ಟ್ ‘0:]’. ಇವೆರಡೂ ಬೇರೆ ಬೇರೆಯಾಗಿ ಉಳಿಯುವುದೇ ನನಗೆ ಜಾಸ್ತಿ ಇಷ್ಟವಾಯಿತು. ನಲ್ ಬೈಟ್ (ಬೆಲೆ ಸೊನ್ನೆ ಇರುವ ಬೈಟ್) ಮಾತ್ರ ಆಗಲ್ಲ, ಅದನ್ನು ಬ್ಯಾಶ್ ವೇರಿಯಬಲ್ ಹೇಗಿದ್ದರೂ ಹಿಡಿದಿಡುವುದಿಲ್ಲ.

ಮೇಲಿನ ಸಾಲಿನಲ್ಲಿ ‘ಅ’ ಉದ್ದ 3 ಇರುವುದು ಗಮನಿಸಿ. ಲೊಕೇಲ್ ಅಂದರೆ ಭಾಷೆ, ಅಕ್ಷರಗಳ ಸೆಟ್ಟಿಂಗ್. ಯುಟಿಎಫ್-8 ಲೊಕೇಲ್‌ನಲ್ಲಿ ಬ್ಯಾಶನ್ನು ಉದ್ದ ಕೇಳಿದರೆ 1 ಅನ್ನುತ್ತದೆ, ಅದು ಅಕ್ಷರ ಎಣಿಸುತ್ತದೆ. ಸಿ ಲೊಕೇಲ್‌ನಲ್ಲಿ ಬೈಟ್ ಎಣಿಸಿ 3 ಅನ್ನುತ್ತದೆ. ಒಂದರಲ್ಲಿ ಬರೆದ ಫೈಲನ್ನು ಇನ್ನೊಂದರಲ್ಲಿ ಓದಿದರೆ ಕಥೆ ಮುಗಿಯಿತು, ಅಲ್ವಾ? ಅದಕ್ಕೇ ಪ್ರತಿ ಫಂಕ್ಷನ್‌ನ ಮೊದಲ ಸಾಲಲ್ಲೇ ಲೊಕೇಲನ್ನು ‘ಸಿ’ಗೆ ಲೋಕಲ್ ಆಗಿ (ಆ ಫಂಕ್ಷನ್‌ಗಷ್ಟೇ) ಕಟ್ಟಿದ್ದೇನೆ.

ಫಲಿತಾಂಶ ವಾಪಸ್ ಕೊಡಲು ಕಮಾಂಡ್ ಸಬ್‌ಸ್ಟಿಟ್ಯೂಷನ್ (ಕಮಾಂಡಿನ ಔಟ್‌ಪುಟ್ ಹಿಡಿಯುವ ವಿಧಾನ) ಬಳಸಿಲ್ಲ. ಅದು ಕೊನೆಯ ಹೊಸ ಸಾಲುಗಳನ್ನು ಸುಮ್ನೆ ನುಂಗಿಬಿಡುತ್ತದೆ, ಪ್ರತಿ ಸಲ ಸಬ್‌ಶೆಲ್ (ಇನ್ನೊಂದು ಶೆಲ್ ಪ್ರೊಸೆಸ್) ಬೇರೆ. ನೇರವಾಗಿ ವೇರಿಯಬಲ್‌ಗೇ ಬರೆಯುವ ಪ್ರಿಂಟ್‌ಎಫ್ -ವಿ ಸಾಕು.

ಓದುವ ಭಾಗ ಓಡುತ್ತಿದೆ. ತಿದ್ದುವ ಭಾಗ ಇನ್ನೂ ಅರ್ಧ. ಒಳಗಿನ ಒಂದು ಐಟಂ ಉದ್ದವಾದರೆ ಅದನ್ನು ಸುತ್ತಿದ ಎಲ್ಲಾ ಲಿಸ್ಟ್‌ಗಳ ಸಂಖ್ಯೆಯೂ ಬದಲಾಗಬೇಕು. ಅದಕ್ಕೆ ಬಿಚ್ಚುತ್ತಾ ಒಳಗೆ ಹೋಗಿ, ಕಟ್ಟುತ್ತಾ ಹೊರಗೆ ಬರುವ ರಿಕರ್ಸಿವ್ (ತನ್ನನ್ನೇ ತಾನು ಕರೆಯುವ) ಫಂಕ್ಷನ್ ಬರೆಯುತ್ತಿದ್ದೇನೆ. ದೊಡ್ಡ ಲಿಸ್ಟಿಗೆ ನಿಧಾನವಾಗುತ್ತದೆ, ಗೊತ್ತು. ನನ್ನ ಲಿಸ್ಟ್‌ಗಳು ಚಿಕ್ಕವು.