ಮೈದಾನದ ಮಕ್ಕಳಿಗೆ ಗಣಿತ ಕಲಿಸುವಾಗ

ನಾನು ಗಣಿತ ಪಾಠ ಮಾಡುವ ಸರ್ಕಾರಿ ಪ್ರೌಢಶಾಲೆಗೆ ಊರಿನ ಕ್ರೀಡಾ ವಸತಿ ನಿಲಯದ ಮಕ್ಕಳು ಓದಲು ಬರುತ್ತಾರೆ. ಬೆಳಗಿನ 5 ಗಂಟೆಗೆ ಎದ್ದು, ಎರಡು ಗಂಟೆ ಅಭ್ಯಾಸ ಮಾಡಿ, ಸ್ನಾನ ತಿಂಡಿ ಮುಗಿಸಿ ಶಾಲೆಗೆ ಬಂದು, ಸಂಜೆ ಮತ್ತೆ ಮೈದಾನಕ್ಕೆ ಇಳಿಯುವ ಈ ಮಕ್ಕಳನ್ನು ಹತ್ತಿರದಿಂದ ನೋಡಿದವರು ಯಾರೂ ಇವರಿಗೆ ಶ್ರದ್ಧೆಯಿಲ್ಲ ಎಂದು ಹೇಳಲಾರರು. ಆದರೂ ‘ಅವರು ಆಟದ ಮಕ್ಕಳು, ಗಣಿತ ಅವರ ತಲೆಗೆ ಹತ್ತುವುದಿಲ್ಲ’ ಎಂಬ ಮಾತು ಶಾಲೆಗಳಲ್ಲಿ ಸುಲಭವಾಗಿ ಓಡಾಡುತ್ತದೆ. ಕೆಲವು ವರ್ಷ ನಾನೂ ಅದನ್ನು ನಂಬಿದ್ದೆ. ಅದು ತಪ್ಪು ಎಂದು ನನಗೆ ತಿಳಿದದ್ದು ಹಾಜರಾತಿ ಪುಸ್ತಕದಿಂದ.

ಒಂದು ದಸರಾ ರಜೆಯಲ್ಲಿ ಹತ್ತನೆಯ ತರಗತಿಯ ಹಾಜರಾತಿಯನ್ನೂ ನನ್ನ ಪಾಠ ಯೋಜನೆಯನ್ನೂ ಎದುರುಬದುರು ಇಟ್ಟುಕೊಂಡು ಕುಳಿತೆ. ಹೋಬಳಿ ಮಟ್ಟದಲ್ಲಿ ಗೆದ್ದ ಮಗು ತಾಲ್ಲೂಕಿಗೆ ಹೋಗುತ್ತದೆ, ಅಲ್ಲಿ ಗೆದ್ದರೆ ಜಿಲ್ಲೆಗೆ, ಆಮೇಲೆ ವಿಭಾಗಕ್ಕೆ, ರಾಜ್ಯಕ್ಕೆ. ಎಷ್ಟು ಚೆನ್ನಾಗಿ ಆಡುತ್ತದೆಯೋ ಅಷ್ಟು ಹೆಚ್ಚು ದಿನ ತರಗತಿಯಿಂದ ಹೊರಗಿರುತ್ತದೆ. ಆ ದಿನಗಳಿಗೆ ಹಾಜರಾತಿ ಕೊಡುವ ವ್ಯವಸ್ಥೆ ಇದೆ, ಪಾಠ ಕೊಡುವ ವ್ಯವಸ್ಥೆ ಇಲ್ಲ. ಸಮಾಜ ವಿಜ್ಞಾನದಲ್ಲಿ ಒಂದು ಪಾಠ ತಪ್ಪಿದರೆ ಮುಂದಿನದನ್ನು ಓದಿಕೊಳ್ಳಬಹುದು. ಗಣಿತದಲ್ಲಿ ಹಾಗಾಗುವುದಿಲ್ಲ. ಬಹುಪದೋಕ್ತಿಗಳನ್ನು ಅಪವರ್ತಿಸುವ ವಾರ ಹುಡುಗ ಕಬಡ್ಡಿ ಶಿಬಿರದಲ್ಲಿದ್ದರೆ, ಮುಂದೆ ವರ್ಗ ಸಮೀಕರಣ ಬಂದಾಗ ಅವನು ಕಪ್ಪುಹಲಗೆಯ ಮೇಲಿನ ಎರಡನೆಯ ಸಾಲಿನಲ್ಲೇ ನಿಂತುಬಿಡುತ್ತಾನೆ. ಅವನು ನಿಂತದ್ದು ನಮಗೆ ಕಾಣುತ್ತದೆಯೇ ಹೊರತು ಎಲ್ಲಿ ಕೊಂಡಿ ತಪ್ಪಿತು ಎಂಬುದು ಕಾಣುವುದಿಲ್ಲ. ಅವನಿಗೂ ಕಾಣುವುದಿಲ್ಲವಾದ್ದರಿಂದ, ತನಗೆ ಬುದ್ಧಿ ಕಡಿಮೆ ಎಂದು ತೀರ್ಮಾನಿಸಿಕೊಳ್ಳುತ್ತಾನೆ.

ಮೊದಲು ನಾನು ಹಿಡಿದ ದಾರಿಗಳು ಎರಡು, ಎರಡೂ ಫಲ ಕೊಡಲಿಲ್ಲ. ರಾತ್ರಿ ಊಟವಾದ ಮೇಲೆ ವಸತಿ ನಿಲಯಕ್ಕೆ ಹೋಗಿ ವಿಶೇಷ ತರಗತಿ ನಡೆಸಿದೆ. ದಿನಕ್ಕೆ ನಾಲ್ಕು ಗಂಟೆ ಮೈ ದಣಿಸಿದ ಮಕ್ಕಳು ಪೆನ್ನು ಹಿಡಿದಂತೆಯೇ ತೂಕಡಿಸುತ್ತಿದ್ದರು. ಅದನ್ನು ಅವರ ಅನಾಸಕ್ತಿ ಎಂದು ತಿಳಿದು ಗದರಿದ್ದಕ್ಕೆ ಇಂದಿಗೂ ಮನಸ್ಸಿಗೆ ನೋವಿದೆ. ಎರಡನೆಯದು ಎಸ್ಸೆಸ್ಸೆಲ್ಸಿ ಶಿಕ್ಷಕರೆಲ್ಲರಿಗೂ ಗೊತ್ತಿರುವ ‘ಪಾಸಿಂಗ್ ಪ್ಯಾಕೇಜ್’. ಸೂತ್ರಗಳನ್ನು ಬರೆಯುವುದು, ನಕ್ಷೆ ಎಳೆಯುವುದು, ಪ್ರಮೇಯವೊಂದನ್ನು ಬಾಯಿಪಾಠ ಮಾಡುವುದು, ಹೀಗೆ ಖಚಿತವಾಗಿ ಅಂಕ ಬರುವಷ್ಟನ್ನು ಮಾತ್ರ ಉರು ಹೊಡೆಸುವುದು. 80 ಅಂಕಗಳ ಪ್ರಶ್ನೆಪತ್ರಿಕೆಯಲ್ಲಿ ಅದರಿಂದ ಪಾರಾಗುವ ಮಕ್ಕಳಿದ್ದಾರೆ, ಅದನ್ನು ನಾನು ಹೀಗಳೆಯುವುದಿಲ್ಲ. ಆದರೆ ಅದನ್ನು ಕೈಗೆ ಕೊಟ್ಟ ಕ್ಷಣವೇ ‘ಉಳಿದದ್ದು ನಿನಗಲ್ಲ’ ಎಂದು ಹೇಳಿದಂತೆಯೂ ಆಗುತ್ತದೆ. ಮಕ್ಕಳು ಅದನ್ನು ತಕ್ಷಣ ಗ್ರಹಿಸುತ್ತಾರೆ.

ಧೈರ್ಯ ತುಂಬುವ ಮಾತುಗಳ ವಿಷಯದಲ್ಲೂ ನನ್ನ ಅನುಭವ ಇಂಥದ್ದೇ. ಅನಿಲ್ ಕುಂಬ್ಳೆ, ಜಾವಗಲ್ ಶ್ರೀನಾಥ್ ಇಬ್ಬರೂ ಎಂಜಿನಿಯರಿಂಗ್ ಓದಿದವರು ಎಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಆ ಹೆಮ್ಮೆ ನಿಜವಾದದ್ದೇ. ಆದರೆ ಕಿರುಪರೀಕ್ಷೆಯಲ್ಲಿ ಎರಡು ಅಂಕ ಬಂದ ಮಗುವಿಗೆ ಆ ಮಾತಿನಿಂದ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಮೈದಾನದಲ್ಲಿ ಇದೇ ಮಕ್ಕಳನ್ನು ಗಮನಿಸಿ. ತರಬೇತುದಾರರು ‘ಚೆನ್ನಾಗಿ ಓಡಿದೆ’ ಎಂದರೂ ಅವರು ಏದುಸಿರು ಬಿಡುತ್ತಲೇ ಕೇಳುವುದು ‘ಸರ್, ಟೈಮಿಂಗ್ ಎಷ್ಟು?’ ಎಂದು. ಹೊಗಳಿಕೆಗಿಂತ ಗಡಿಯಾರವನ್ನೂ ಟೇಪನ್ನೂ ನಂಬುವ ಮಕ್ಕಳು ಇವರು. ಗಣಿತದಲ್ಲಿ ಅಂಥ ಗಡಿಯಾರವನ್ನು ನಾವು ಅವರ ಕೈಗೆ ಕೊಟ್ಟೇ ಇಲ್ಲ. ತ್ರೈಮಾಸಿಕಕ್ಕೊಮ್ಮೆ ಬರುವ ಕೆಂಪು ಶಾಯಿಯ ಅಂಕಿಯೊಂದೇ ಅವರಿಗೆ ಸಿಗುವ ಅಳತೆ.

ಹಾಗಾಗಿ ಈಗ ನಾನು ದಿನಕ್ಕೆ ಐದು ಲೆಕ್ಕ ಕೊಡುತ್ತೇನೆ, ಐದೇ. ಎರಡು ಹಿಂದಿನ ತರಗತಿಗಳಲ್ಲಿ ಬಿಟ್ಟುಹೋದವು, ಎರಡು ಈಗ ನಡೆಯುತ್ತಿರುವ ಪಾಠದವು, ಒಂದು ಕಳೆದ ವಾರ ಅದೇ ಮಗು ತಪ್ಪು ಮಾಡಿದ್ದು. ಬೆಳಗಿನ ತಿಂಡಿಗೂ ಪ್ರಾರ್ಥನೆಯ ಗಂಟೆಗೂ ನಡುವಿನ 20 ನಿಮಿಷ ಇದಕ್ಕೆ ಮೀಸಲು, ಏಕೆಂದರೆ ಆ ಹೊತ್ತಿನಲ್ಲಿ ಅವರ ಮೈ ಹಗುರಾಗಿರುತ್ತದೆ, ಹೊಟ್ಟೆ ತುಂಬಿರುತ್ತದೆ. ಟಿಪ್ಪಣಿ ಪುಸ್ತಕದ ಹಿಂದಿನ ಪುಟದಲ್ಲಿ ದಿನಾಂಕ, ಸರಿಯಾದವು ಎಷ್ಟು, ತಪ್ಪಿನ ಜಾತಿ ಯಾವುದು ಎಂದು ಅವರೇ ಬರೆದುಕೊಳ್ಳುತ್ತಾರೆ. ಈ ಮೂರನೆಯ ಕಾಲಂ ಮುಖ್ಯವಾದದ್ದು.

800 ಮೀಟರ್ ಓಡುವ ಹುಡುಗಿಯೊಬ್ಬಳ ಪುಟ ನನಗೆ ಚೆನ್ನಾಗಿ ನೆನಪಿದೆ. 3x − 7 = 5x + 9 ಎಂಬ ಲೆಕ್ಕವನ್ನು ಅವಳು 3x + 5x = 9 − 7 ಎಂದು ಮುಂದುವರಿಸಿದ್ದಳು. ಪದಗಳನ್ನು ಸಮಚಿಹ್ನೆಯ ಆಚೆಗೆ ಒಯ್ದಿದ್ದಳು, ಚಿಹ್ನೆಯನ್ನು ಬದಲಿಸಿರಲಿಲ್ಲ. ಎರಡು ವಾರದ ಪುಟಗಳನ್ನು ಒಟ್ಟಿಗೆ ತೆರೆದು ತಪ್ಪುಗಳನ್ನು ಅವಳಿಂದಲೇ ಎಣಿಸಿದಾಗ, ಹತ್ತರಲ್ಲಿ ಏಳು ಇದೊಂದೇ ತಪ್ಪು. ಅವಳು ಬಹಳ ಹೊತ್ತು ಆ ಪುಟವನ್ನೇ ನೋಡಿ, ‘ಹಾಗಾದರೆ ನನಗೆ ಗಣಿತ ಬರಲ್ಲ ಅಂತಲ್ಲ, ಇದೊಂದು ಬರಲ್ಲ ಅಷ್ಟೇನಾ ಸರ್?’ ಎಂದು ಕೇಳಿದಳು. ಮುಂದಿನ ಒಂದು ವಾರ ಐದಕ್ಕೆ ಐದೂ ಅದೇ ಜಾತಿಯ ಲೆಕ್ಕಗಳನ್ನು ಮಾಡಿದಳು. ಎರಡೂ ಬದಿಯಿಂದ 5x ಕಳೆಯುವ ಸಾಲನ್ನು ಒಂದೂ ಬಿಡದೆ ಪೂರ್ತಿಯಾಗಿ ಬರೆಯುತ್ತಾ ಹೋದಳು. ಆಮೇಲೆ −2x = 16 ಎಂಬ ಸಾಲಿಗೆ ಬಂದು x = −8 ಎಂದು ಬರೆಯುವಾಗ ಅವಳ ಕೈ ತಡೆಯುತ್ತಿರಲಿಲ್ಲ.

ನಮ್ಮ ದೈಹಿಕ ಶಿಕ್ಷಣ ಶಿಕ್ಷಕರ ನೆರವಿಲ್ಲದಿದ್ದರೆ ಈ ಕೆಲಸ ಅರ್ಧಕ್ಕೇ ನಿಲ್ಲುತ್ತಿತ್ತು. ಶಾಲಾ ಕ್ರೀಡಾಕೂಟಕ್ಕೆ ಅವರು 200 ಮೀಟರ್ ಟ್ರ್ಯಾಕ್ ಹಾಕುವ ದಿನ, ಮಕ್ಕಳನ್ನೂ ನನ್ನನ್ನೂ ಸುಣ್ಣದ ಪುಡಿಯ ಬುಟ್ಟಿಯ ಜೊತೆಗೆ ಕರೆದುಕೊಂಡರು. ಒಂದು ಸುತ್ತಿನ ಓಟದಲ್ಲಿ ಹೊರ ಲೇನಿನವರನ್ನು ಮುಂದೆ ನಿಲ್ಲಿಸುವ ಅಂತರಕ್ಕೆ ಸ್ಟ್ಯಾಗರ್ ಎನ್ನುತ್ತಾರೆ. ಲೇನಿನ ಅಗಲ 1.22 ಮೀಟರ್. ನೇರ ಭಾಗದಲ್ಲಿ ಎಲ್ಲ ಲೇನುಗಳ ಉದ್ದವೂ ಒಂದೇ, ಹೆಚ್ಚಾಗುವುದು ತಿರುವುಗಳಲ್ಲಿ ಮಾತ್ರ. ಎರಡು ತಿರುವು ಸೇರಿದರೆ ಒಂದು ಪೂರ್ಣ ವೃತ್ತ. ತ್ರಿಜ್ಯ 1.22 ಮೀಟರ್ ಹೆಚ್ಚಿದರೆ ಪರಿಧಿ 2 × 22/7 × 1.22, ಅಂದರೆ ಸುಮಾರು 7.67 ಮೀಟರ್ ಹೆಚ್ಚುತ್ತದೆ. ಮಕ್ಕಳು ಟೇಪು ಹಿಡಿದು ಅಳೆದು ಗೂಟ ನೆಟ್ಟರು. 7.67, 15.34, 23.01 ಎಂದು ಬರೆದುಕೊಳ್ಳುತ್ತಿದ್ದಂತೆ ಒಬ್ಬ ಹುಡುಗ ‘ಸರ್, ಇದು ಸಮಾಂತರ ಶ್ರೇಢಿ’ ಎಂದ. ನಾನು ತರಗತಿಯಲ್ಲಿ ಸಾಮಾನ್ಯ ವ್ಯತ್ಯಾಸವನ್ನು, ಅಂದರೆ ಶ್ರೇಢಿಯ ಪ್ರತಿ ಪದವೂ ಹಿಂದಿನದಕ್ಕಿಂತ ಹೆಚ್ಚುವ ಆ ಒಂದೇ ಅಳತೆಯನ್ನು, ಎಷ್ಟು ಸಲ ವಿವರಿಸಿದ್ದರೂ ಅವನಿಂದ ಇಂಥ ಮಾತು ಬಂದಿರಲಿಲ್ಲ.

ಅಂದು ಇನ್ನೂ ಒಂದು ಪ್ರಶ್ನೆ ಹುಟ್ಟಿತು, ಅದನ್ನು ಕೇಳಿದವಳು ಅದೇ ಓಟದ ಹುಡುಗಿ. ಜಿಲ್ಲಾ ಕ್ರೀಡಾಂಗಣದ 400 ಮೀಟರ್ ಸಿಂಥೆಟಿಕ್ ಟ್ರ್ಯಾಕ್ ನಮ್ಮ ಮೈದಾನಕ್ಕಿಂತ ಅಷ್ಟು ದೊಡ್ಡದಾಗಿರುವಾಗ, ಅಲ್ಲಿ ಒಂದು ಸುತ್ತಿಗೆ ಸ್ಟ್ಯಾಗರ್ ಕೂಡ ದೊಡ್ಡದಿರಬೇಕಲ್ಲವೇ ಎಂದು. ತ್ರಿಜ್ಯ ಎಷ್ಟೇ ಇರಲಿ, ಅದು ಲೇನಿನಿಂದ ಲೇನಿಗೆ ಹೆಚ್ಚುವುದು 1.22 ಮೀಟರ್ ಮಾತ್ರ, ಆದ್ದರಿಂದ ಸ್ಟ್ಯಾಗರ್ ಬದಲಾಗುವುದಿಲ್ಲ ಎಂಬುದನ್ನು ಅವಳೇ ಎರಡು ವೃತ್ತ ಬರೆದು ಕಳೆದು ನೋಡಿದಳು. ಆದರೆ ಅಲ್ಲಿ ಎರಡನೆಯ ಲೇನಿನ ಸ್ಟ್ಯಾಗರ್ 7.04 ಮೀಟರ್, ಆಮೇಲಿನವು ಒಂದೊಂದೂ 7.67 ಹೆಚ್ಚು. ಕಾರಣ ಸ್ವಾರಸ್ಯಕರವಾಗಿದೆ. ಒಳ ಅಂಚಿನಲ್ಲಿ ಎತ್ತರದ ಕಟ್ಟು ಇರುವುದರಿಂದ ಮೊದಲ ಲೇನನ್ನು ಅದರಿಂದ 30 ಸೆಂಟಿಮೀಟರ್ ಹೊರಗೆ ಅಳೆಯುತ್ತಾರೆ, ಉಳಿದವನ್ನು ಗೆರೆಯಿಂದ 20 ಸೆಂಟಿಮೀಟರ್ ಹೊರಗೆ. ಹಾಗಾಗಿ ಮೊದಲ ಎರಡು ಲೇನುಗಳ ನಡುವೆ ತ್ರಿಜ್ಯದ ವ್ಯತ್ಯಾಸ 1.12 ಮೀಟರ್ ಮಾತ್ರ. ನಮ್ಮ ಮಣ್ಣಿನ ಮೈದಾನದಲ್ಲಿ ಕಟ್ಟು ಇಲ್ಲದ ಕಾರಣ ಎಲ್ಲವೂ 20. ಮೊದಲ ಪದ 7.04, ಸಾಮಾನ್ಯ ವ್ಯತ್ಯಾಸ 7.67 ಎಂದು ಇಟ್ಟುಕೊಂಡು ಎಂಟನೆಯ ಲೇನಿಗೆ ಸುಮಾರು 53 ಮೀಟರ್ ಬರುತ್ತದೆ ಎಂದು ಅವರು ಕಂಡುಹಿಡಿದಾಗ, ಅಷ್ಟು ಮುಂದೆ ನಿಂತು ಓಡಿದ್ದ ಹುಡುಗನಿಗೆ ಆದ ಸಂತೋಷವನ್ನು ನಾನು ಕಣ್ಣಾರೆ ಕಂಡೆ. ಗುಂಡು ಎಸೆತದ ವಲಯವನ್ನು ವೃತ್ತದ ಕೇಂದ್ರದಿಂದ 20 ಮೀಟರ್ ದೂರದಲ್ಲಿ 12 ಮೀಟರ್ ಅಗಲ ಬರುವಂತೆ ಎಳೆಯುವುದು, ಕಬಡ್ಡಿ ಅಂಕಣದ ಮೂಲೆಯನ್ನು 3, 4, 5 ಮೀಟರ್ ಹಗ್ಗದಿಂದ ಲಂಬವಾಗಿಸುವುದು, ಇವೆಲ್ಲ ಆಮೇಲೆ ತಾವಾಗಿಯೇ ಬಂದವು.

ಆದರೆ ಮೈದಾನದ ಉದಾಹರಣೆಗಳಷ್ಟೇ ಸಾಕು ಎಂದು ಯಾರೂ ಭಾವಿಸಬಾರದು. ಅವು ಬಾಗಿಲು ತೆರೆಯುತ್ತವೆ, ಒಳಗಿನ ಕೆಲಸ ದಿನದ ಐದು ಲೆಕ್ಕದ್ದೇ. ಇದನ್ನೂ ಓಟದವರು ನಮಗಿಂತ ಚೆನ್ನಾಗಿ ಬಲ್ಲರು. 800 ಮೀಟರನ್ನು 2 ನಿಮಿಷ 24 ಸೆಕೆಂಡಿನಲ್ಲಿ ಮುಗಿಸಬೇಕೆಂದರೆ ಪ್ರತಿ 200 ಮೀಟರಿಗೆ 36 ಸೆಕೆಂಡು. ಮೊದಲ ಇನ್ನೂರನ್ನು 31ಕ್ಕೆ ಓಡಿದರೆ ಕೊನೆಗೆ ಕಾಲು ಏಳುವುದಿಲ್ಲ. ಮಾರ್ಚ್ ತಿಂಗಳಲ್ಲಿ ದಿನಕ್ಕೆ ಆರು ಗಂಟೆ ಗಣಿತ ಓದುತ್ತೇನೆ ಎಂದ ಹುಡುಗನಿಗೆ ಈ ಲೆಕ್ಕವನ್ನು ಅವನ ಸಹಪಾಠಿಯೇ ಹೇಳಿದ್ದನ್ನು ನಾನು ಕೇಳಿಸಿಕೊಂಡಿದ್ದೇನೆ.

ತರಬೇತುದಾರರಲ್ಲಿ ನನ್ನದೊಂದು ಮನವಿ. ಕೂಟಕ್ಕೆ ಹೊರಟಾಗ ಬಸ್ಸಿನಲ್ಲಿಯೋ ತಂಗಿದ ಕೋಣೆಯಲ್ಲಿಯೋ ದಿನಕ್ಕೆ ಕಾಲು ಗಂಟೆ ಈ ಐದು ಲೆಕ್ಕಗಳ ಹಾಳೆಗಳಿಗೆ ಬಿಟ್ಟುಕೊಡಿ. ಸ್ಪರ್ಧೆಯ ದಿನ ಬೇಡ, ಅಂದು ಮಗುವಿನ ಮನಸ್ಸು ಸ್ಪರ್ಧೆಯಲ್ಲೇ ಇರಬೇಕು. ಉಳಿದ ದಿನಗಳಲ್ಲಿ ಸರಪಳಿ ಕಡಿಯದಿದ್ದರೆ ಸಾಕು, ತಿರುಗಿ ಬಂದ ಮೇಲೆ ಹೊಸ ಪಾಠವನ್ನು ನಾನು ಹಿಡಿಸಿಕೊಳ್ಳುತ್ತೇನೆ. ನಮ್ಮ ದೈಹಿಕ ಶಿಕ್ಷಣ ಶಿಕ್ಷಕರು ಇದಕ್ಕೆ ಒಪ್ಪಿದ್ದಾರೆ. ಈ ವರ್ಷದ ಹೋಬಳಿ ಕೂಟಕ್ಕೆ ಒಂಬತ್ತು ಮಕ್ಕಳ ಹೆಸರು ಬರೆದ ಒಂಬತ್ತು ಲಕೋಟೆಗಳನ್ನು ನಿನ್ನೆ ಸಂಜೆ ಅವರ ಕೈಗೆ ಕೊಟ್ಟೆ. ಅವುಗಳನ್ನು ಅವರು ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯ ಪಕ್ಕದಲ್ಲಿ, ಸ್ಪೈಕ್ ಶೂಗಳ ಚೀಲದೊಳಗೆ ಇಟ್ಟುಕೊಂಡರು.